ಚಕ್ರದ ಮೇಲಿನ ಮನೆ, ಸಹಿ ಹಾಕಿ ಉಳಿಸಿದ ಸರೋವರ

ಮನೆಗೆ ಚಕ್ರ ಜೋಡಿಸಿದರೆ ಹೇಗಿರುತ್ತದೆ ಮಕ್ಕಳೇ? ಅದೇ ಕ್ಯಾಂಪರ್‌ವ್ಯಾನ್. ಹೊರಗಿನಿಂದ ನೋಡಿದರೆ ನಮ್ಮೂರಿನ ಟೆಂಪೋ ಟ್ರಾವೆಲರ್. ಒಳಗೆ ಗ್ಯಾಸ್ ಒಲೆ, ಪುಟ್ಟ ಫ್ರಿಜ್, ಸಿಂಕ್, ಹಗಲು ಸೋಫಾ ಆಗಿದ್ದು ರಾತ್ರಿ ಮಂಚವಾಗುವ ಹಲಗೆ, ಮೂಲೆಯಲ್ಲಿ ಬೀರುವಿನಷ್ಟು ಅಗಲದ ಶೌಚಾಲಯ. ಕಳೆದ ವರ್ಷ ಮಾರ್ಚ್‌ನಲ್ಲಿ ನಾನು, ನನ್ನಾಕೆ ಇಬ್ಬರೇ ಇಂಥದೊಂದು ಗಾಡಿಯನ್ನು ಬಾಡಿಗೆಗೆ ಹಿಡಿದು ನ್ಯೂಜಿಲೆಂಡ್‌ನ ದಕ್ಷಿಣ ದ್ವೀಪವನ್ನು ಹದಿನಾರು ದಿನ ಸುತ್ತಿದೆವು. ನನಗೆ 73, ಆಕೆಗೆ 69. "ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತಾ?" ಎಂದವರಿಗೆ ಆಕೆಯೇ ಉತ್ತರ ಕೊಟ್ಟಳು: "ಇನ್ಯಾವ ವಯಸ್ಸಿನಲ್ಲಿ?"

ಅಲ್ಲಿಯೂ ನಮ್ಮಂತೆ ರಸ್ತೆಯ ಎಡಗಡೆಯಲ್ಲೇ ಓಡಿಸಬೇಕು. ಅಷ್ಟರ ಮಟ್ಟಿಗೆ ನನಗೆ ಧೈರ್ಯ. ಹೊಸದಾಗಿ ಕಲಿತದ್ದು ಒಂಟಿ ಸೇತುವೆಯ ಶಿಸ್ತು. ಎಷ್ಟೋ ಕಡೆ ಹೊಳೆಯ ಮೇಲೆ ಒಂದೇ ಗಾಡಿ ದಾಟುವಷ್ಟು ಅಗಲದ ಸೇತುವೆ ಇರುತ್ತದೆ. ಕೆಂಪು ಅಂಚಿನ ದುಂಡು ಫಲಕ ಕಂಡಿತೋ, ಎದುರಿನವರು ದಾಟುವವರೆಗೆ ನಾವು ನಿಲ್ಲಬೇಕು. ದಾಟಿದವರು ಕೈ ಎತ್ತಿ ನಕ್ಕು ಹೋಗುತ್ತಾರೆ. ಹಾರನ್ ಸದ್ದು ಕೇಳಿದ ನೆನಪೇ ಇಲ್ಲ.

ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ಜೀವನ ಸವೆಸಿದ ನನಗೆ ಆ ಗಾಡಿಯಲ್ಲಿ ಬಹಳ ಹಿಡಿಸಿದ್ದು ನೀರಿನ ಲೆಕ್ಕ. ಕ್ಯಾಂಪ್ ಮೈದಾನ ಬಿಟ್ಟು ಬಯಲಲ್ಲಿ ರಾತ್ರಿ ಕಳೆಯಲು ಅನುಮತಿ ಇರುವ ಹೆಚ್ಚಿನ ಜಾಗಗಳಲ್ಲಿ, ಗಾಡಿ 'ಸ್ವಾವಲಂಬಿ' ಎಂಬ ಪ್ರಮಾಣಪತ್ರ ಪಡೆದಿರಬೇಕು. ಎಂದರೆ, ಕನಿಷ್ಠ ಮೂರು ದಿನಕ್ಕೆ ಬೇಕಾದ ನೀರನ್ನು ಹೊತ್ತಿರಬೇಕು, ಆ ಮೂರು ದಿನದ ಕೊಳೆ ನೀರನ್ನೂ ಶೌಚವನ್ನೂ ಹೊರಗೆ ಒಂದು ಹನಿ ಬಿಡದೆ ತನ್ನೊಳಗೇ ಇಟ್ಟುಕೊಳ್ಳಬೇಕು. ಹಾಗಾಗಿ ಗಾಡಿಗೆ ಎರಡು ಟ್ಯಾಂಕ್. ಒಂದರಲ್ಲಿ ಒಳ್ಳೆಯ ನೀರು; ಅದು ಬೆಳಗಿನ ಆರಂಭದ ಶಿಲ್ಕು. ಸಿಂಕಿನಿಂದ ಇಳಿದದ್ದೆಲ್ಲ ಎರಡನೆಯದಕ್ಕೆ ಜಮಾ. ಒಂದು ಖಾಲಿಯಾದಷ್ಟೂ ಇನ್ನೊಂದು ತುಂಬುತ್ತದೆ. ರಾತ್ರಿ ನಾನು ಎರಡರ ಸೂಚಕ ನೋಡಿ ಟ್ಯಾಲಿ ಮಾಡುತ್ತಿದ್ದೆ. ನನ್ನಾಕೆಗೆ ನಗು. "ರೀ, ಬಾವಿಯಿಂದ ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆದವಳಿಗೆ ಇದನ್ನು ಹೇಳಿಕೊಡ್ತೀರಾ?" ಎನ್ನುತ್ತಿದ್ದಳು. ಅಕ್ಕಿ ತೊಳೆದ ನೀರಿನಲ್ಲೇ ತಟ್ಟೆಯ ಮೊದಲ ಜಿಡ್ಡು ತೆಗೆದು, ಆಮೇಲೆ ಒಂದು ಲೋಟ ಶುದ್ಧ ನೀರಿನಲ್ಲಿ ಎಲ್ಲ ಮುಗಿಸುತ್ತಿದ್ದಳು. ನಮ್ಮ ಅಜ್ಜಿಯರಿಗೆ ಇದರಲ್ಲಿ ವಿಶೇಷವೇನೂ ಕಾಣದು.

ಊರು ಸಿಕ್ಕಾಗ ಕೊಳೆ ಖಾಲಿ ಮಾಡಲು ಮೀಸಲಾದ ಜಾಗ ಹುಡುಕಬೇಕು. ಶೌಚದ ಪೆಟ್ಟಿಗೆಯನ್ನು ಗಾಡಿಯ ಪಕ್ಕದ ಬಾಗಿಲಿನಿಂದ ಈಚೆ ಎಳೆದು, ಸೂಟ್‌ಕೇಸಿನ ಹಾಗೆ ಹಿಡಿದುಕೊಂಡು ಹೋಗಿ ಸುರಿದು ತೊಳೆಯಬೇಕು. ಆ ಕೆಲಸ ನನ್ನದು. ಮೂಗು ಮುಚ್ಚಿಕೊಳ್ಳಬೇಡಿ ಮಕ್ಕಳೇ, ನಾವು ಮಾಡಿದ್ದು ಎಲ್ಲಿಗೆ ಹೋಗುತ್ತದೆ ಎಂದು 73ನೇ ವಯಸ್ಸಿನಲ್ಲಿ ನಾನು ಮೊದಲ ಸಲ ಕಣ್ಣಾರೆ ನೋಡಿದೆ.

ಕ್ರೈಸ್ಟ್‌ಚರ್ಚ್‌ನಿಂದ ಹೊರಟವರಿಗೆ ಮೊದಲು ಸಿಕ್ಕಿದ್ದು ಟೆಕಪೊ ಸರೋವರ, ಆಮೇಲೆ ಪುಕಾಕಿ. ಆ ನೀರಿನ ಬಣ್ಣವನ್ನು ನೀಲಿ ಎಂದರೆ ಸಾಲದು. ನೀಲಿಗೆ ಒಂದು ಚಮಚ ಹಾಲು ಬೆರೆಸಿದಂತೆ. ಕಾರಣ ಸರಳ. ಮೇಲಿನ ಬೆಟ್ಟಗಳಲ್ಲಿ ಹಿಮನದಿಗಳು ಬೀಸುಕಲ್ಲಿನಂತೆ ಬಂಡೆಯನ್ನು ಅರೆಯುತ್ತ ಇಳಿಯುತ್ತವೆ. ಆ ಕಲ್ಲಿನ ಹಿಟ್ಟು ಎಷ್ಟು ನಯವೆಂದರೆ ತಳಕ್ಕೆ ಕೂರದೆ ನೀರಿನಲ್ಲೇ ತೇಲುತ್ತಿರುತ್ತದೆ. ಬಿಸಿಲು ಅದರ ಮೇಲೆ ಬಿದ್ದು ಚದುರಿ ಆ ಬಣ್ಣ ಬರುತ್ತದೆ. ಪುಕಾಕಿಯ ಆಚೆ ತುದಿಯಲ್ಲಿ ಆ ದೇಶದ ಅತಿ ಎತ್ತರದ ಶಿಖರ, 3,724 ಮೀಟರಿನ ಆವೊರಾಕಿ. ಮೌಂಟ್ ಕುಕ್ ಎಂದು ನಿಮ್ಮ ಅಟ್ಲಾಸಿನಲ್ಲಿ ಇರುವುದು ಇದೇ. ಮಾವೊರಿ ಜನರ ಹೆಸರನ್ನೂ ಸೇರಿಸಿ ಈಗ ಎರಡನ್ನೂ ಒಟ್ಟಿಗೆ ಬರೆಯುತ್ತಾರೆ.

ಅದರ ಬುಡದಲ್ಲಿ ಟಾಸ್ಮನ್ ಹಿಮನದಿ ನೋಡುವ ಜಾಗಕ್ಕೆ ಮುನ್ನೂರಕ್ಕೂ ಹೆಚ್ಚು ಮೆಟ್ಟಿಲು. ನನ್ನಾಕೆಯ ಮಂಡಿಗೆ ಹತ್ತು ಮೆಟ್ಟಿಲಿಗೊಮ್ಮೆ ವಿಶ್ರಾಂತಿ. ದಾರಿಯಲ್ಲಿ 'ನೀಲಿ ಕೊಳಗಳು' ಎಂಬ ಫಲಕ. ನೋಡಿದರೆ ನೀರು ಹಸಿರು. ಹಿಂದೆ ಅವಕ್ಕೆ ಹಿಮನದಿಯ ನೀರು ಬರುತ್ತಿತ್ತು, ಈಗ ಬರೀ ಮಳೆ ನೀರು. ಬಣ್ಣ ಹೋಯಿತು, ಹೆಸರು ಉಳಿಯಿತು. ಮೇಲೆ ಹತ್ತಿದರೆ ಕಾಣುವುದು ಹಿಮಗಡ್ಡೆಗಳು ತೇಲುವ ಬೂದು ಬಣ್ಣದ ದೊಡ್ಡ ಸರೋವರ. ನಾನು 1973ರಲ್ಲಿ ಬ್ಯಾಂಕಿಗೆ ಗುಮಾಸ್ತನಾಗಿ ಸೇರಿದೆ. ಆ ವರ್ಷ ಅಲ್ಲಿ ಈ ಸರೋವರವೇ ಇರಲಿಲ್ಲ, ಇದ್ದದ್ದು ಬರೀ ಹಿಮ! ಭೂಮಿ ಬಿಸಿಯಾಗಿ, ಹಿಮನದಿ ಕರಗಿ ಹಿಂದೆ ಸರಿದಂತೆ, ಬಿಟ್ಟ ಜಾಗದಲ್ಲಿ ನೀರು ನಿಂತಿತು. ಪೆನ್ಷನ್ ತೆಗೆದುಕೊಳ್ಳುವ ನನಗಿಂತ ಚಿಕ್ಕ ಸರೋವರ. ಅದರ ಚಂದಕ್ಕೆ ಸಂತೋಷಪಡಬೇಕೋ ಬೇಡವೋ ತಿಳಿಯಲಿಲ್ಲ.

ಅಲ್ಲಿಂದ ದಕ್ಷಿಣಕ್ಕೆ ಇಳಿದು ಟೆ ಆನೌ ಸೇರಿ, ಮಿಲ್‌ಫರ್ಡ್ ರಸ್ತೆ ಹಿಡಿದರೆ ಬೀಚ್ ಮರಗಳ ಕಾಡು. ಕಾಂಡಕ್ಕೆಲ್ಲ ಪಾಚಿ, ಕೆಳಗೆ ಜರಿಗಿಡ. ಆಗುಂಬೆಯನ್ನು ತಣ್ಣಗೆ ಮಾಡಿ ಜಿಗಣೆ ತೆಗೆದಂತೆ. ಜಿಗಣೆಯ ಬದಲಿಗೆ ಮರಳುನೊಣ ಇದೆ. ಗುಂಗುರಿನಷ್ಟೇ ಪುಟ್ಟದು, ಕಚ್ಚಿದರೆ ವಾರವೆಲ್ಲ ತುರಿಕೆ. ಇದಕ್ಕೆ ಮಾವೊರಿಗಳು ಒಂದು ಕಥೆ ಹೇಳುತ್ತಾರೆ: ಆ ಸೀಮೆಯ ಚೆಲುವು ಕಂಡು ಜನ ಅಲ್ಲೇ ಕೂತುಬಿಟ್ಟಾರು ಎಂದು ದೇವತೆಯೊಬ್ಬಳು ಈ ನೊಣಗಳನ್ನು ಬಿಟ್ಟಳಂತೆ. ಕಿಯಾ ಎಂಬ ಬೆಟ್ಟದ ಗಿಣಿ ನಮ್ಮ ಗಾಡಿಯ ಕಿಟಕಿಯ ರಬ್ಬರನ್ನು ಕುಕ್ಕಿ ಎಳೆಯುತ್ತಿದ್ದಾಗ, ದೇವತೆ ಕಳಿಸಿದ್ದು ನೊಣ ಒಂದನ್ನೇ ಅಲ್ಲ ಎನ್ನಿಸಿತು.

ಟೆ ಆನೌದಿಂದ ಇಪ್ಪತ್ತು ಕಿಲೋಮೀಟರ್ ದೂರದಲ್ಲಿದೆ ಮನಪೌರಿ ಸರೋವರ. ನಾನು ಹೇಳಬೇಕೆಂದಿದ್ದ ಕಥೆ ಇದರದು.

ನೀರಿನಂಚಿನವರೆಗೂ ಇಳಿದು ಬಂದ ಕಾಡು, ನಡುವೆ ಪುಟ್ಟ ನಡುಗಡ್ಡೆಗಳು. 1960ರ ದಶಕದಲ್ಲಿ ಇದರ ಮಟ್ಟವನ್ನು 30 ಮೀಟರ್‌ವರೆಗೆ ಏರಿಸುವ ಯೋಜನೆ ಬಂತು. ಅಲ್ಯೂಮಿನಿಯಂ ಕಾರ್ಖಾನೆಗೆ ವಿದ್ಯುತ್ ಬೇಕಿತ್ತು. 30 ಮೀಟರ್ ಎಂದರೆ ಹತ್ತು ಅಂತಸ್ತಿನ ಕಟ್ಟಡ. ದಡದ ಕಾಡು ಮುಳುಗಿ ನಿಂತಲ್ಲೇ ಕೊಳೆಯುತ್ತಿತ್ತು. ಜನ ಒಪ್ಪಲಿಲ್ಲ. ಊರೂರಿನಲ್ಲಿ ಸಭೆ ಸೇರಿ, ಅರ್ಜಿಗೆ ಸಹಿ ಸಂಗ್ರಹಿಸಿ 1970ರಲ್ಲಿ ಸಂಸತ್ತಿಗೆ ಸಲ್ಲಿಸಿದರು. ಸಹಿಗಳ ಸಂಖ್ಯೆ 2,64,907. ಆಗಿನ ಜನಸಂಖ್ಯೆಯಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಬ್ಬರು.

ಸಹಿ ಎಂದರೆ ಏನು ಎಂಬುದು ಬ್ಯಾಂಕಿನವನಿಗೆ ಗೊತ್ತು. ನಮ್ಮ ಕಾಲದಲ್ಲಿ ಪ್ರತಿ ಚೆಕ್ಕಿನ ಸಹಿಯನ್ನೂ ಮಾದರಿ ಸಹಿಯ ಕಾರ್ಡಿಗೆ ಹೋಲಿಸಿ ನೋಡುತ್ತಿದ್ದೆವು. ಸಹಿ ಹಾಕುವ ಮುಂಚೆ ಪೆನ್ನು ಹಿಡಿದು ಅರೆಗಳಿಗೆ ಯೋಚಿಸುವವರನ್ನು ಎಷ್ಟು ಜನರನ್ನು ಕಂಡಿಲ್ಲ! ಆ 2,64,907 ಸಹಿಗಳನ್ನು ಒಂದಕ್ಕೆ ಒಂದು ನಿಮಿಷದಂತೆ, ದಿನಕ್ಕೆ ಏಳು ಗಂಟೆ ಕೂತು ಪರಿಶೀಲಿಸಿದರೆ ಒಬ್ಬ ಗುಮಾಸ್ತನಿಗೆ ಸುಮಾರು 630 ದಿನ ಬೇಕು. ರಜೆ ಕಳೆದರೆ ಎರಡು ವರ್ಷದ ಮೇಲೆ. ನೀವೂ ಲೆಕ್ಕ ಹಾಕಿ ನೋಡಿ.

1972ರ ಚುನಾವಣೆಯಲ್ಲಿ ಇದೂ ಒಂದು ದೊಡ್ಡ ವಿಷಯವಾಯಿತು. ಸರ್ಕಾರ ಬದಲಾಯಿತು. ಹೊಸ ಪ್ರಧಾನಿ ನಾರ್ಮನ್ ಕರ್ಕ್ ಅವರ ಸರ್ಕಾರ ಸರೋವರದ ಮಟ್ಟ ಏರಿಸುವುದಿಲ್ಲ ಎಂದಿತು. 1973ರಲ್ಲಿ ಹೋರಾಟದಲ್ಲಿದ್ದವರನ್ನೇ ಕರೆದು 'ಸರೋವರ ಪಾಲಕರು' ಎಂದು ನೇಮಿಸಿತು. ಹಾಗೆಂದು ವಿದ್ಯುತ್ ನಿಲ್ಲಲಿಲ್ಲ. ಸರೋವರ ಸಮುದ್ರಮಟ್ಟಕ್ಕಿಂತ ಸುಮಾರು 178 ಮೀಟರ್ ಎತ್ತರದಲ್ಲಿದೆ. ಅದರ ನೀರನ್ನು ಬೆಟ್ಟದೊಳಗಿನ ಯಂತ್ರಗಳಿಗೆ ಬೀಳಿಸಿ, ಸುರಂಗದಲ್ಲಿ ಆಚೆ ಬದಿಯ ಸಮುದ್ರಕ್ಕೆ ಬಿಡುತ್ತಾರೆ. ಮಟ್ಟ ಮಾತ್ರ ಮೊದಲಿನ ಏರಿಳಿತದ ಮಿತಿಯಲ್ಲೇ ಇದೆ.

ದಡದಲ್ಲಿ ಕೂತಾಗ ನನಗೆ ಸಾಗರದ ಶಾಖೆಯ ದಿನಗಳು ನೆನಪಾದವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದು ಶರಾವತಿಯ ಹಿನ್ನೀರಿನಲ್ಲಿ ಊರುಗಳು ಮುಳುಗಿದವು. ಖಾತೆ ತೆರೆಯಲು ಬರುತ್ತಿದ್ದ ಹಿರಿಯರಿಗೆ ವಿಳಾಸ ಕೇಳಿದರೆ ಮೊದಲು ಮುಳುಗಿದ ಊರಿನ ಹೆಸರು ಹೇಳಿ, ತಡೆದು, ಆಮೇಲೆ ಈಗಿನ ಊರು ಹೇಳುತ್ತಿದ್ದರು. ನಮ್ಮ ಮನೆಗಳಲ್ಲಿ ದೀಪ ಹತ್ತಿದ್ದು ಅವರಿಂದ, ಅದನ್ನು ಅಲ್ಲಗಳೆಯಲಾರೆ. ಮನಪೌರಿಯಲ್ಲಿ ಮುಳುಗಲಿದ್ದದ್ದು ಬಹುಪಾಲು ಕಾಡು, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೂ ನಮ್ಮ ಆ ಹಿರಿಯರ ಮುಂದೆ ಯಾರಾದರೂ ಸಹಿಗೆಂದು ಕಾಗದ ಇಟ್ಟಿದ್ದರೇ ಎಂಬ ಪ್ರಶ್ನೆ ಮಾತ್ರ ಹೋಗಲಿಲ್ಲ.

ಮನಪೌರಿಯಿಂದ ದಕ್ಷಿಣಕ್ಕೆ ಹರಿಯುವ ಹೊಳೆ ವೈಯಾವು. 2004ರಲ್ಲಿ ಇದರಲ್ಲೇ ಆ ದೇಶಕ್ಕೆ ಹೊಸದಾದ ಡಿಡಿಮೊ ಎಂಬ ಪಾಚಿ ಮೊದಲು ಸಿಕ್ಕಿತು. ಕಲ್ಲುಗಳ ಮೇಲೆ ಕಂದು ಬಣ್ಣದ ಒದ್ದೆ ಹತ್ತಿಯಂತೆ ಹರಡುತ್ತದೆ. ಅಲ್ಲಿಯವರು ಇಟ್ಟ ಅಡ್ಡಹೆಸರು 'ಬಂಡೆಯ ಸಿಂಬಳ'. ಕಣ್ಣಿಗೆ ಕಾಣದ ಒಂದು ಕಣ, ಒಂದು ಹನಿ ನೀರಿನಲ್ಲಿ ಸೇರಿ ಬೇರೆ ಹೊಳೆಗೆ ಹೋದರೆ ಸಾಕು. ಅದಕ್ಕೇ ಹೊಳೆಗಳ ಬಳಿ ಫಲಕ: ನೋಡಿ, ತೊಳೆಯಿರಿ, ಒಣಗಿಸಿ. ನೀರಿಗೆ ಇಳಿದ ವಸ್ತುವನ್ನು ಪಾತ್ರೆ ಸೋಪಿನ ನೀರಿನಲ್ಲಿ ತೊಳೆಯಬೇಕು. ಒಣಗಿಸುವುದಾದರೆ ಪೂರ್ತಿ ಒಣಗಿದ ಮೇಲೂ 48 ಗಂಟೆ ಬಿಡಬೇಕು.

ನನ್ನಾಕೆ ವೈಯಾವು ದಡದಲ್ಲಿ ಹವಾಯಿ ಚಪ್ಪಲಿ ಹಾಕಿಕೊಂಡೇ ನೀರಿಗೆ ಕಾಲಿಟ್ಟಿದ್ದಳು. ಫಲಕ ಓದಿ ಹೇಳಿದೆ. ಸೋಪಿನ ನೀರಿನಲ್ಲಿ ತೊಳೆದಳು. "ಅಷ್ಟು ಸಾಕಲ್ಲ" ಎಂದೆ. "ಎರಡೂ ಆಗಿಬಿಡಲಿ, ಅವರ ಹೊಳೆ" ಎಂದು ಚಪ್ಪಲಿಗಳನ್ನು ಕಿಟಕಿಯ ಹತ್ತಿರ ಹಗ್ಗಕ್ಕೆ ನೇತುಹಾಕಿದಳು. ಮುಂದಿನ ಎರಡು ದಿನ, ಒಂಟಿ ಸೇತುವೆಗಳಲ್ಲಿ ಎದುರಾದವರೆಲ್ಲ ನಮ್ಮ ಕಿಟಕಿಯಲ್ಲಿ ತೂಗಾಡುವ ಆ ಜೋಡಿ ನೋಡಿ, ಮಾಮೂಲಿಗಿಂತ ಸ್ವಲ್ಪ ಹೆಚ್ಚೇ ನಕ್ಕು ಕೈ ಎತ್ತಿದರು.