ಇಂಜಿನಿಯರ್ ಮಾರಾಟಕ್ಕೆ ಇಳಿದರೆ ತಪ್ಪೇ?

ಇದೇ ಕಾಲೇಜಿನ ವಿಜ್ಞಾನ ವಿಭಾಗದಲ್ಲಿ ಓದುತ್ತಿದ್ದಾಗ ನನಗಿದ್ದ ಗುರಿ ಒಂದೇ: ಸಿಇಟಿ ಬರೆದು ಕಂಪ್ಯೂಟರ್ ಸೈನ್ಸ್ ಸೀಟು ಪಡೆಯುವುದು. ತಂದೆಗೆ ಸಣ್ಣ ಬಟ್ಟೆ ಅಂಗಡಿ ಇತ್ತು. "ದಿನವಿಡೀ ಗಿರಾಕಿಯ ಮುಖ ನೋಡುವ ಬದುಕು ನಿನಗೆ ಬೇಡ" ಎನ್ನುತ್ತಿದ್ದರು. ಸೀಟು ಸಿಕ್ಕಿತು. ಮುಂದೆ ಬೆಂಗಳೂರಿನಲ್ಲಿ ಕೆಲಸವೂ ಸಿಕ್ಕಿತು. ಆರು ವರ್ಷ ಕೋಡ್ ಬರೆದ ಮೇಲೆ ನಾನಾಗಿಯೇ ಕೇಳಿಕೊಂಡು ಸಾಫ್ಟ್‌ವೇರ್ ಮಾರಾಟ ವಿಭಾಗಕ್ಕೆ ಬಂದೆ. ವಿಷಯ ತಿಳಿದ ತಂದೆ ಕೇಳಿದ್ದು ಇಷ್ಟೇ: "ಮಾರುವುದಕ್ಕೆ ಇಂಜಿನಿಯರಿಂಗ್ ಯಾಕೆ ಓದಬೇಕಿತ್ತು?"

ನಿಮ್ಮಲ್ಲಿ ಹಲವರು ಮುಂದೆ ಈ ಪ್ರಶ್ನೆ ಎದುರಿಸಬಹುದು. ಆದ್ದರಿಂದ ನನ್ನ ಉತ್ತರವನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ನನ್ನ ಹುದ್ದೆಗೆ ಸೇಲ್ಸ್ ಇಂಜಿನಿಯರ್ ಎನ್ನುತ್ತಾರೆ. ಪ್ರೀಸೇಲ್ಸ್ ಎಂದೂ ಕರೆಯುತ್ತಾರೆ. ಒಂದು ಬ್ಯಾಂಕ್ ಅಥವಾ ಆಸ್ಪತ್ರೆ ಸಾಫ್ಟ್‌ವೇರ್ ಕೊಳ್ಳುವುದು ನಾವು ಮೊಬೈಲ್ ಕೊಂಡಂತಲ್ಲ, ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಬೆಲೆ, ಒಪ್ಪಂದಗಳ ಮಾತುಕತೆಗೆ ಬೇರೆಯವರಿರುತ್ತಾರೆ. ಹಳೆಯ ಡೇಟಾಬೇಸ್ ಜೊತೆ ಇದು ಹೊಂದುತ್ತದೆಯೇ, ಸಾವಿರಾರು ಜನ ಒಮ್ಮೆಲೇ ಬಳಸಿದರೆ ತಡೆಯುತ್ತದೆಯೇ, ಮಾಹಿತಿ ಸುರಕ್ಷಿತವೇ ಎಂಬ ಪ್ರಶ್ನೆಗಳಿಗೆ ಉತ್ತರಿಸುವುದು ನನ್ನ ಪಾಲು. ಗ್ರಾಹಕರದೇ ಮಾದರಿ ಡೇಟಾ ಹಾಕಿ, ಅವರ ಮುಂದೆಯೇ ಕೆಲಸ ಮಾಡಿಸಿ ತೋರಿಸಬೇಕು. ಒಳಗಿನ ರಚನೆ ತಿಳಿಯದವರಿಂದ ಇದು ಆಗುವುದಿಲ್ಲ.

ಇದು ನಿನ್ನೆ ಮೊನ್ನೆ ಹುಟ್ಟಿದ ಕೆಲಸವೂ ಅಲ್ಲ. 1960ರ ದಶಕದಲ್ಲಿಯೇ ಐಬಿಎಂ ಕಂಪನಿಯ ಸಿಸ್ಟಮ್ಸ್ ಇಂಜಿನಿಯರ್‌ಗಳು ಮಾರಾಟಗಾರರ ಜೊತೆ ಗ್ರಾಹಕರಿಗೆ ನೆರವಾಗುತ್ತಿದ್ದರು. ಆಗ ಅದಕ್ಕೆ ಬೇರೆ ಬೆಲೆ ಇರಲಿಲ್ಲ, ಯಂತ್ರದ ದರದಲ್ಲೇ ಸೇರಿತ್ತು. 1969ರಲ್ಲಿ ಕಂಪನಿ ಸಾಫ್ಟ್‌ವೇರ್‌ಗೂ ಈ ನೆರವಿಗೂ ಪ್ರತ್ಯೇಕ ದರ ಘೋಷಿಸಿತು. ಸಾಫ್ಟ್‌ವೇರ್ ಮಾರಾಟ ಸ್ವತಂತ್ರ ಉದ್ಯಮವಾಗಿ ಬೆಳೆಯಲು ಆ ನಿರ್ಧಾರವೂ ನೆರವಾಯಿತು.

ಕಷ್ಟಗಳೂ ಇವೆ. ಸಂಬಳದ ಒಂದು ಭಾಗ ಮಾರಾಟದ ಗುರಿಯನ್ನು ಅವಲಂಬಿಸಿರುತ್ತದೆ. ಇಲ್ಲಿಯೇ ನಿಜವಾದ ಪರೀಕ್ಷೆ. ಮೊದಲ ವರ್ಷ ಒಂದು ಸಹಕಾರಿ ಸಂಘದವರು, "ಸದಸ್ಯರ ಹೆಸರನ್ನು ಕನ್ನಡದಲ್ಲಿ ಹುಡುಕಬಹುದೇ?" ಎಂದು ಕೇಳಿದರು. ನಾನು ಹಿಂದಿನ ದಿನವೇ ಪರೀಕ್ಷಿಸಿದ್ದೆ; ಒತ್ತಕ್ಷರವಿರುವ ಹೆಸರುಗಳು ಸಿಗುತ್ತಿರಲಿಲ್ಲ. "ಹೌದು ಅನ್ನು, ಆಮೇಲೆ ಸರಿಪಡಿಸೋಣ" ಎಂದು ಹಿರಿಯ ಸಹೋದ್ಯೋಗಿ ಪಿಸುಗುಟ್ಟಿದರು. ನಾನು "ಸದ್ಯಕ್ಕೆ ಆಗುವುದಿಲ್ಲ" ಎಂದೆ. ಆ ವ್ಯವಹಾರ ಕೈತಪ್ಪಿತು, ಆ ಮೂರು ತಿಂಗಳ ಪ್ರೋತ್ಸಾಹಧನವೂ ಹೋಯಿತು.

ಊರಿಗೆ ಬಂದಾಗ ತಂದೆಗೆ ಇದನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಣ್ಣ ಬಿಡುವ ಬಟ್ಟೆಯನ್ನು ಬಣ್ಣ ಬಿಡುತ್ತದೆ ಅಂತ ಹೇಳಿಯೇ ಕೊಡಬೇಕು. ನಮ್ಮ ಅಂಗಡಿ ನಡೆದದ್ದೇ ಹಾಗೆ" ಎಂದರು. ಯಾಕೆ ಓದಬೇಕಿತ್ತು ಎಂಬ ಪ್ರಶ್ನೆಯನ್ನು ಮತ್ತೆ ಅವರು ಕೇಳಲಿಲ್ಲ.

ನನ್ನ ಉತ್ತರ ಇದು: ಬಟ್ಟೆಯ ಬಣ್ಣ ನಿಲ್ಲುವುದಿಲ್ಲವೆಂದು ಹೇಳಲು ಬಟ್ಟೆ ಗೊತ್ತಿರಬೇಕು. ಸಾಫ್ಟ್‌ವೇರ್ ಎಲ್ಲಿ ಸೋಲುತ್ತದೆ ಎಂದು ಹೇಳಲು ಇಂಜಿನಿಯರಿಂಗ್ ಗೊತ್ತಿರಬೇಕು. ಆದ್ದರಿಂದ ಈ ದಾರಿ ಬಯಸುವವರು ಮೊದಲು ಕೆಲವು ವರ್ಷ ಕೋಡ್ ಬರೆಯಿರಿ. ಈಗಿನಿಂದಲೇ ಮಾಡಬಹುದಾದದ್ದೂ ಒಂದಿದೆ. ಇಂದು ಕಲಿತ ಭೌತಶಾಸ್ತ್ರದ ಪಾಠವನ್ನು ವಾಣಿಜ್ಯ ವಿಭಾಗದ ಗೆಳೆಯನಿಗೆ ಸರಳ ಕನ್ನಡದಲ್ಲಿ ವಿವರಿಸಿ. ಅವನಿಗೆ ಅರ್ಥವಾಗದಿದ್ದರೆ ನೀವು ಇನ್ನೊಮ್ಮೆ ಓದಬೇಕು. ಹಾಗೆಯೇ ಅವನಿಂದ ಲಾಭ ನಷ್ಟದ ಲೆಕ್ಕ ಕಲಿಯಿರಿ. ಮಾರಾಟವೆಂದರೆ ಕೀಳು, ಕಾಮರ್ಸ್ ಎಂದರೆ ಅಂಕ ಕಡಿಮೆ ಬಂದವರದು ಎಂಬ ಮಾತನ್ನು ದಯವಿಟ್ಟು ಬಿಟ್ಟುಬಿಡಿ. ನನಗೆ ಎರಡೂ ಬೇಕಾದವು.