ಕುದುರೆಯ ಹಲ್ಲು, ಎಮ್ಮೆಯ ಹಲ್ಲು

ಪರೀಕ್ಷೆ ಹತ್ತಿರವಾಯಿತೆಂದರೆ ಮಕ್ಕಳು ಇಂಗ್ಲಿಷ್ ನುಡಿಗಟ್ಟುಗಳನ್ನು ಬಾಯಿಪಾಠ ಮಾಡತೊಡಗುತ್ತಾರೆ. ಅವುಗಳಲ್ಲಿ ಕುದುರೆಯ ಮಾತುಗಳಿಗೆ ಲೆಕ್ಕವಿಲ್ಲ. ಪದಕ್ಕೆ ಪದ ಇಟ್ಟು ಅರ್ಥ ಹೇಳಿದರೆ ನಗು ಬರುತ್ತದೆ. ಗೈಡಿನಲ್ಲಿದ್ದುದನ್ನು ಉರು ಹೊಡೆದರೆ ಪರೀಕ್ಷೆಯ ಮರುದಿನ ಮರೆತುಹೋಗುತ್ತದೆ. ಇಂತಹ ಮಾತುಗಳು ನೆನಪಿನಲ್ಲಿ ಉಳಿಯಬೇಕಾದರೆ ಅವು ಯಾವ ಕೆಲಸದಿಂದ ಹುಟ್ಟಿದವು ಎಂದು ತಿಳಿಯಬೇಕು.

ಕುದುರೆಯ ವ್ಯಾಪಾರ ನಮ್ಮ ಕರಾವಳಿಗೆ ಹೊಸದಲ್ಲ. ವಿಜಯನಗರದ ಕಾಲದಲ್ಲಿ ಭಟ್ಕಳ ಹೆಸರಾಂತ ಕುದುರೆ ಬಂದರು. ಹಾರ್ಮುಜ್‌ನಿಂದ ಬಂದ ಹಡಗುಗಳು ಇಲ್ಲಿ ಕುದುರೆ, ಮುತ್ತುಗಳನ್ನು ಇಳಿಸಿ ಅಕ್ಕಿ, ಸಕ್ಕರೆ, ಕಬ್ಬಿಣವನ್ನು ತುಂಬಿಕೊಂಡು ಹೋಗುತ್ತಿದ್ದವು ಎಂದು ಪೋರ್ಚುಗೀಸ್ ಬರಹಗಾರ ಬಾರ್ಬೋಸಾ 16ನೇ ಶತಮಾನದ ಆರಂಭದಲ್ಲಿ ಬರೆದಿದ್ದಾನೆ. 1510ರಲ್ಲಿ ಗೋವಾ ಹಿಡಿದ ಪೋರ್ಚುಗೀಸರು ಈ ವ್ಯಾಪಾರವನ್ನು ಅತ್ತ ಎಳೆದುಕೊಂಡರು.

'ಲುಕ್ ಎ ಗಿಫ್ಟ್ ಹಾರ್ಸ್ ಇನ್ ದ ಮೌತ್.' ಕುದುರೆಯ ವಯಸ್ಸು ಅದರ ಹಲ್ಲಿನ ಸವೆತದಿಂದ ತಿಳಿಯುತ್ತದೆ. ಕೊಳ್ಳುವವನು ಬಾಯಿ ತೆರೆಸಿ ನೋಡುವುದು ಸರಿ. ಆದರೆ ಉಡುಗೊರೆಯಾಗಿ ಬಂದ ಕುದುರೆಯ ಬಾಯಿ ತೆರೆಸುವುದು ಕೊಟ್ಟವರಿಗೆ ಮಾಡುವ ಅವಮಾನ. 1546ರ ಜಾನ್ ಹೇವುಡ್‌ನ ಗಾದೆಗಳ ಪುಸ್ತಕದಲ್ಲೇ ಈ ಮಾತಿದೆ. ನಮ್ಮಲ್ಲಿ ಕುದುರೆಯ ಬದಲು ಎಮ್ಮೆ ಬಂತು: ದಾನಕ್ಕೆ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡಿದರಂತೆ! ಸೊಸೆ ತವರಿನಿಂದ ತಂದ ಉಡುಗೊರೆಗೆ ಬೆಲೆ ಕಟ್ಟುವವರು ನೆನಪಿಡಬೇಕಾದ ಮಾತಿದು.

'ಸ್ಟ್ರೈಟ್ ಫ್ರಮ್ ದ ಹಾರ್ಸಸ್ ಮೌತ್.' ಇದು ರೇಸಿನ ಮೈದಾನದ ಮಾತು. ಯಾವ ಕುದುರೆ ಗೆಲ್ಲುತ್ತದೆ ಎಂಬ ಗುಟ್ಟನ್ನು ಕುದುರೆಯೇ ಹೇಳಿದಂತೆ, ಸಂಬಂಧಪಟ್ಟವರಿಂದಲೇ ನೇರವಾಗಿ ತಿಳಿದ ಸುದ್ದಿ. 'ಅವರು ಹೇಳಿದರಂತೆ, ಇವರು ಕೇಳಿದರಂತೆ' ಎಂಬುದಕ್ಕೆ ತೀರಾ ವಿರುದ್ಧ. ಅಂತೆಕಂತೆಯಿಂದ ಮುರಿದ ಸಂಬಂಧಗಳು ಕಡಿಮೆಯೇ?

'ಫ್ಲಾಗ್ ಎ ಡೆಡ್ ಹಾರ್ಸ್.' ಸತ್ತ ಕುದುರೆಗೆ ಚಾಟಿ ಬೀಸಿದರೆ ಅದು ಎದ್ದು ಓಡೀತೇ? ಫಲವಿಲ್ಲದ ಕೆಲಸಕ್ಕೆ ಈ ಮಾತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎನ್ನುತ್ತೇವಲ್ಲ, ಹಾಗೆ. ಆದರೆ ಸತ್ತ ಕುದುರೆಗೂ ಬೆಲೆ ಬಂದದ್ದುಂಟು! ಕುದುರೆ ವ್ಯಾಪಾರಿಯೂ ಆಗಿದ್ದ ಪೋರ್ಚುಗೀಸ್ ಪ್ರವಾಸಿ ನೂನಿಜ್ 1535ರ ಸುಮಾರಿಗೆ ಬರೆದಂತೆ, ಅರಸ ಸಾಳುವ ನರಸಿಂಹ (1485-1491) ಹಾರ್ಮುಜ್ ಮತ್ತು ಏಡನ್‌ನಿಂದ ಕುದುರೆ ತರಿಸುತ್ತಿದ್ದ. ಬದುಕಿರಲಿ, ಸತ್ತಿರಲಿ, ಮೂರಕ್ಕೆ ಸಾವಿರ ವರಾಹ. ದಾರಿಯಲ್ಲಿ, ಕಡಲಿನಲ್ಲಿ ಸತ್ತ ಕುದುರೆಯ ಬಾಲವನ್ನಷ್ಟೇ ತಂದು ತೋರಿಸಿದರೂ ಪೂರ್ತಿ ಹಣ ಸಿಗುತ್ತಿತ್ತು. ವ್ಯಾಪಾರಿಗಳು ನಷ್ಟಕ್ಕೆ ಹೆದರಿ ಬರುವುದನ್ನು ನಿಲ್ಲಿಸದಿರಲು ಇದಕ್ಕಿಂತ ದೊಡ್ಡ ಭರವಸೆ ಬೇಕೇ?

'ಡಾರ್ಕ್ ಹಾರ್ಸ್' ಎಂದರೆ ಕಪ್ಪು ಕುದುರೆಯಲ್ಲ. ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಇದ್ದು ಕೊನೆಗೆ ಗೆದ್ದುಬಿಡುವವರು. ಡಿಸ್ರೇಲಿಯ 1831ರ ಕಾದಂಬರಿ 'ದಿ ಯಂಗ್ ಡ್ಯೂಕ್'ನ ರೇಸಿನ ಪ್ರಸಂಗದಲ್ಲಿ ಅಂತಹ ಕುದುರೆಯೊಂದು ಬರುತ್ತದೆ. ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರುವ ಹುಡುಗಿಯನ್ನು ದಡ್ಡಿ ಎನ್ನುವ ಮೊದಲು ಇದನ್ನು ನೆನೆಯೋಣ.

'ಚೇಂಜ್ ಹಾರ್ಸಸ್ ಇನ್ ಮಿಡ್‌ಸ್ಟ್ರೀಮ್.' ಹೊಳೆಯ ನಡುವೆ ಕುದುರೆ ಬದಲಿಸಬೇಡಿ. 1864ರಲ್ಲಿ ಅಮೆರಿಕದ ಅಧ್ಯಕ್ಷ ಲಿಂಕನ್ ಬಾಯಲ್ಲಿ ಬಂದು ಇದು ಜನಪ್ರಿಯವಾಯಿತು. ಹೊನ್ನಾವರದ ಶರಾವತಿಯನ್ನು ದೋಣಿಯಲ್ಲಿ ದಾಟಿದವರಿಗೆ ವಿವರಣೆ ಬೇಕಿಲ್ಲ. ನಡುನೀರಿನಲ್ಲಿ ದೋಣಿ ಬದಲಿಸುವವರುಂಟೇ? ವರ್ಷದ ಮಧ್ಯೆ ಮಕ್ಕಳ ಶಾಲೆ ಬದಲಿಸುವ ಮುನ್ನ ಎರಡು ಸಲ ಯೋಚಿಸಬೇಕು.

ಕುದುರೆ ಕಳೆದುಹೋದ ಮೇಲೆ ಲಾಯದ ಬಾಗಿಲು ಹಾಕುವ ಇಂಗ್ಲಿಷ್ ಮಾತು ಕನ್ನಡದಲ್ಲಿ 'ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು' ಎಂದಾಗುತ್ತದೆ.

ಕೊನೆಯದು, ತಾಯಂದಿರ ಪಾಲಿನದು. ಕುದುರೆಯನ್ನು ನೀರಿನ ಬಳಿಗೆ ಒಯ್ಯಬಹುದು, ಕುಡಿಸಲು ಸಾಧ್ಯವಿಲ್ಲ. ಹೊಡೆದು ಬಡಿದು ಓದಿಸಿದರೆ ಪುಟ ಮುಗಿಯುತ್ತದೆ, ವಿದ್ಯೆ ಹತ್ತುವುದಿಲ್ಲ. ಮಕ್ಕಳಿಗೆ ಬಾಯಾರಿಕೆ ಹುಟ್ಟಬೇಕು. ಅದು ಹುಟ್ಟುವುದು ಕಥೆಯಿಂದ, ಪ್ರಶ್ನೆಯಿಂದ, ಜೊತೆಗೆ ಕೂತು ಓದುವ ತಾಯಿಯಿಂದ. ಈ ಕರಾವಳಿಯ ಹೆಣ್ಣುಮಕ್ಕಳಿಗೆ ವಿದ್ಯೆ ನಿನ್ನೆ ಮೊನ್ನೆಯದಲ್ಲ. 14ನೇ ಶತಮಾನದಲ್ಲಿ ಹೊನ್ನಾವರಕ್ಕೆ ಬಂದಿದ್ದ ಇಬ್ನ್ ಬತೂತ ಅಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳನ್ನು ಕಂಡು, ಇಂಥದ್ದನ್ನು ಬೇರೆಲ್ಲೂ ಕಂಡಿಲ್ಲವೆಂದು ಬರೆದ.

ಈ ತಿಂಗಳು ಒಂದು ಕೆಲಸ ಮಾಡಿ. ಮೇಲಿನ ಮಾತುಗಳಿಗೆ ನಿಮ್ಮ ಮನೆಮಾತಿನಲ್ಲಿ, ಅದು ನವಾಯತಿಯಿರಲಿ, ಉರ್ದುವಿರಲಿ, ಸಮನಾದ ಗಾದೆ ಏನಿದೆ ಎಂದು ಮಕ್ಕಳು ಮನೆಯ ಹಿರಿಯರನ್ನು ಕೇಳಿ ಬರೆದಿಡಲಿ. ಕುದುರೆಯ ಜಾಗದಲ್ಲಿ ಯಾವ ಪ್ರಾಣಿ ಬಂದಿದೆ ಎಂದು ನೋಡಿ. ಆಮೇಲೆ ಗೈಡ್ ಬೇಕಾಗುವುದಿಲ್ಲ.