ಸಮೀಕ್ಷೆಗೆ ಕೊಡುವ ಉತ್ತರವೂ ಒಂದು ಸಾಕ್ಷ್ಯ

ಆರೋಗ್ಯ ಇಲಾಖೆಯವರೋ ಗಣತಿದಾರರೋ ಮನೆಬಾಗಿಲಿಗೆ ಬಂದು, ಮನೆಯಲ್ಲಿ ಎಷ್ಟು ಜನರಿದ್ದೀರಿ, ಯಾರಿಗಾದರೂ ಎರಡು ವಾರಕ್ಕೂ ಮೀರಿದ ಕೆಮ್ಮಿದೆಯೇ, ಹೆಣ್ಣುಮಕ್ಕಳು ಎಷ್ಟನೆಯ ತರಗತಿಗೆ ಶಾಲೆ ಬಿಟ್ಟರು ಎಂದು ಕೇಳಿದಾಗ ನಮ್ಮ ಅನೇಕ ಮನೆಗಳಿಂದ ಬರುವ ಉತ್ತರಗಳು ಎರಡೇ. ಒಂದು, "ಗಂಡಸರು ಮನೆಯಲ್ಲಿಲ್ಲ, ಆಮೇಲೆ ಬನ್ನಿ". ಇನ್ನೊಂದು, "ನಮ್ಮಲ್ಲಿ ಅಂಥದ್ದೇನೂ ಇಲ್ಲ". ಬಂದವರು ಒಂದು ಸೊನ್ನೆ ಬರೆದುಕೊಂಡು ಮುಂದಿನ ಮನೆಗೆ ಹೋಗುತ್ತಾರೆ. ಆ ಸೊನ್ನೆ ಅಲ್ಲಿಗೇ ಮುಗಿಯುವುದಿಲ್ಲ. ಅದು ತಾಲೂಕಿನ ಲೆಕ್ಕಕ್ಕೆ, ಜಿಲ್ಲೆಯ ಲೆಕ್ಕಕ್ಕೆ, ರಾಜ್ಯದ ಲೆಕ್ಕಕ್ಕೆ ಸೇರಿಕೊಂಡು ಕೊನೆಗೆ ಔಷಧಿ, ಶಾಲೆ, ಅನುದಾನ ಎಲ್ಲಿಗೆ ಹೋಗಬೇಕೆಂಬ ತೀರ್ಮಾನವಾಗಿ ಹಿಂದಿರುಗುತ್ತದೆ. ಆಗ ನಾವು, ನಮ್ಮ ಪಾಲು ನಮಗೆ ಸಿಗಲಿಲ್ಲವೆಂದು ದೂರುತ್ತೇವೆ.

ಜನರ ತೆರಿಗೆಯ ಹಣದಿಂದ ನಡೆಯುವ ಸಂಶೋಧನೆಯೆಂದರೆ ಬಿಳಿಕೋಟು ತೊಟ್ಟವರು ಪ್ರಯೋಗಾಲಯದಲ್ಲಿ ಮಾಡುವ ಕೆಲಸವೆಂದೇ ನಮ್ಮ ಭಾವನೆ. ಆದರೆ ಸಮಾಜ ಮತ್ತು ಆರೋಗ್ಯದ ನೀತಿಗಳನ್ನು ಬದಲಿಸಿದ ಹಲವು ಸಂಶೋಧನೆಗಳು ಬಡವರ ಮನೆಯಂಗಳದಲ್ಲಿ ನಡೆದಿವೆ. ಅದಕ್ಕೆ ನಮ್ಮ ಚಿತ್ರದುರ್ಗದ ನೆರೆಯ ಜಿಲ್ಲೆಯಾದ ತುಮಕೂರೇ ಸಾಕ್ಷಿ.

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಕ್ಷಯರೋಗವು ಪಟ್ಟಣದ ಕಾಯಿಲೆ, ಗಿರಣಿ ಕಾರ್ಮಿಕರ ಕಾಯಿಲೆ ಎಂಬ ನಂಬಿಕೆಯಿತ್ತು. 1955ರಿಂದ 1958ರವರೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ದೇಶದ ಹಲವು ಭಾಗಗಳಲ್ಲಿ ಸಮೀಕ್ಷೆ ನಡೆಸಿದಾಗ ಹಳ್ಳಿಗಳಲ್ಲಿಯೂ ಈ ರೋಗ ಪಟ್ಟಣಗಳಷ್ಟೇ ವ್ಯಾಪಿಸಿರುವುದು ತಿಳಿದುಬಂತು. ಹಾಗಾದರೆ ಲಕ್ಷಾಂತರ ಹಳ್ಳಿಗಳ ರೋಗಿಗಳನ್ನು ತಲುಪುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಲೆಂದು 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. 1960ರ ಸೆಪ್ಟೆಂಬರ್ 16ರಂದು ಪ್ರಧಾನಿ ಜವಾಹರಲಾಲ್ ನೆಹರೂ ಅದನ್ನು ಉದ್ಘಾಟಿಸಿದರು.

ಹಳ್ಳಿಯ ಜನ ಅಜ್ಞಾನಿಗಳು, ರೋಗದ ಅರಿವೇ ಅವರಿಗಿಲ್ಲ, ಆದ್ದರಿಂದ ಕ್ಷ-ಕಿರಣದ ವಾಹನಗಳನ್ನು ಊರೂರಿಗೆ ಕಳುಹಿಸಿ ರೋಗಿಗಳನ್ನು ಹುಡುಕಿ ತೆಗೆಯಬೇಕು ಎಂಬ ಅಭಿಪ್ರಾಯ ಆಗ ಬಲವಾಗಿತ್ತು. ಆ ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರ ತಂಡ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ರೋಗಿಗಳನ್ನು ಅವರ ಮನೆಗಳಲ್ಲಿಯೇ ಕಂಡು ಮಾತನಾಡಿಸಿತು. 1963ರಲ್ಲಿ ಪ್ರಕಟವಾದ ಅದರ ಫಲಿತಾಂಶ ಪಂಡಿತರ ಊಹೆಗೆ ವಿರುದ್ಧವಾಗಿತ್ತು. ಬಹುತೇಕ ರೋಗಿಗಳಿಗೆ ತಮ್ಮ ದೇಹದಲ್ಲಿ ಏನೋ ಕೆಟ್ಟಿದೆಯೆಂಬ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಜನ ಅಷ್ಟರಲ್ಲಾಗಲೇ ಚಿಕಿತ್ಸೆ ಅರಸಿ ಹೋಗಿದ್ದರು. ಅಂಥವರ ಕೈಗೆ ಕೆಮ್ಮಿನ ಔಷಧಿಯ ಬಾಟಲಿ ಕೊಟ್ಟು ಮನೆಗೆ ಕಳುಹಿಸಲಾಗುತ್ತಿತ್ತು.

ಈ ಒಂದು ಸತ್ಯದಿಂದ ನೀತಿಯ ದಿಕ್ಕೇ ಬದಲಾಯಿತು. ಕೆಮ್ಮಿಕೊಂಡು ಆಸ್ಪತ್ರೆಗೆ ಬಂದವರ ಕಫವನ್ನು ಅಲ್ಲಿಯೇ ಪರೀಕ್ಷಿಸಬೇಕು, ಸಾಮಾನ್ಯ ಆರೋಗ್ಯ ಕೇಂದ್ರದಲ್ಲಿಯೇ ಔಷಧಿ ಸಿಗಬೇಕು ಎಂಬ ತತ್ವದ ಮೇಲೆ 1962ರಲ್ಲಿ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮ ರೂಪುಗೊಂಡಿತು. ಇಂದು ನಾವು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಪುಟ್ಟ ಡಬ್ಬಿಯಲ್ಲಿ ಕಫ ಕೊಟ್ಟು ಬರುತ್ತೇವಲ್ಲ, ಆ ಸೌಲಭ್ಯದ ಹಿಂದೆ ತುಮಕೂರಿನ ಹೆಸರಿಲ್ಲದ ರೈತರ, ಕೂಲಿಕಾರರ ಪ್ರಾಮಾಣಿಕ ಮಾತುಗಳಿವೆ. "ನನಗೇನೂ ಆಗಿಲ್ಲ" ಎಂದು ಅವರೆಲ್ಲ ಬಾಗಿಲು ಹಾಕಿಕೊಂಡಿದ್ದರೆ, ಜನ ಅಜ್ಞಾನಿಗಳೆಂಬ ಸುಳ್ಳೇ ಸರ್ಕಾರದ ನೀತಿಯಾಗಿ ಉಳಿಯುತ್ತಿತ್ತು.

ಮದರಾಸಿನಲ್ಲಿಯೂ ಹೀಗೆಯೇ ಆಯಿತು. ಕ್ಷಯರೋಗಿಯನ್ನು ಮನೆಯಿಂದ ದೂರ, ಸ್ಯಾನಿಟೋರಿಯಂನಲ್ಲಿ ತಿಂಗಳುಗಟ್ಟಲೆ ಇರಿಸಲೇಬೇಕೆಂಬುದು ಅಂದಿನ ವೈದ್ಯಲೋಕದ ರೂಢಿ. 1956ರಲ್ಲಿ ಅಲ್ಲಿ ಆರಂಭವಾದ ಸಂಶೋಧನಾ ಕೇಂದ್ರವು ಬಡ ರೋಗಿಗಳಲ್ಲಿ ಕೆಲವರಿಗೆ ಸ್ಯಾನಿಟೋರಿಯಂನಲ್ಲಿ, ಕೆಲವರಿಗೆ ಅವರ ಇಕ್ಕಟ್ಟಾದ ಮನೆಗಳಲ್ಲಿಯೇ ಔಷಧಿ ಕೊಟ್ಟು ಹೋಲಿಸಿ ನೋಡಿತು. ಮನೆಯಲ್ಲಿದ್ದವರೂ ಬಹುಮಟ್ಟಿಗೆ ಅಷ್ಟೇ ಚೆನ್ನಾಗಿ ಗುಣಮುಖರಾದರು. ಚಿಕಿತ್ಸೆ ಪಡೆಯುತ್ತ ಮನೆಯಲ್ಲಿದ್ದ ಕಾರಣಕ್ಕೆ ಕುಟುಂಬದವರಿಗೆ ರೋಗ ಹೆಚ್ಚಾಗಿ ತಗುಲಿದ್ದೂ ಕಂಡುಬರಲಿಲ್ಲ. 1959ರಲ್ಲಿ ಹೊರಬಂದ ಈ ವರದಿ ಜಗತ್ತಿನಾದ್ಯಂತ ಚಿಕಿತ್ಸೆಯ ಪದ್ಧತಿಯನ್ನು ಬದಲಿಸಿತು. ಎಷ್ಟೋ ತಾಯಂದಿರು ಮಕ್ಕಳಿಂದ ಅಗಲುವುದು ತಪ್ಪಿತು.

ಇನ್ನು ನಮ್ಮ ಕಾಲಕ್ಕೆ ಬರೋಣ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರ ತಂಡ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಧನಸಹಾಯದಿಂದ 2019ರಲ್ಲಿ ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ ಒಂದು ಅಧ್ಯಯನ ಕೈಗೊಂಡಿತು. 2,800 ಕ್ಷಯರೋಗಿಗಳು ಮತ್ತು ಅವರ ಮನೆಯ 10,345 ಮಂದಿ ಅದರಲ್ಲಿದ್ದರು. ಎಲ್ಲ ರೋಗಿಗಳಿಗೂ ಆಹಾರದ ಪೊಟ್ಟಣ ಸಿಕ್ಕಿತು. ಒಂದು ಗುಂಪಿನಲ್ಲಿ ಮಾತ್ರ ರೋಗಿಯ ಮನೆಯವರಿಗೂ ಪ್ರತಿ ತಿಂಗಳು ತಲೆಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ ಮತ್ತು ಜೀವಸತ್ವದ ಮಾತ್ರೆಗಳನ್ನು ಕೊಡಲಾಯಿತು. 2023ರ ಆಗಸ್ಟ್‌ನಲ್ಲಿ ಫಲಿತಾಂಶ ಪ್ರಕಟವಾಯಿತು. ಆಹಾರ ಪಡೆದ ಮನೆಗಳಲ್ಲಿ ಹೊಸದಾಗಿ ಕ್ಷಯ ತಗುಲುವುದು ಶೇ. 39ರಷ್ಟು ಕಡಿಮೆಯಾಗಿತ್ತು. ಹರಡಬಲ್ಲ ಶ್ವಾಸಕೋಶದ ಕ್ಷಯವಂತೂ ಶೇ. 48ರಷ್ಟು ಇಳಿದಿತ್ತು.

ಅಕ್ಕಿಬೇಳೆಯೂ ರೋಗವನ್ನು ತಡೆಯುವ ಔಷಧಿಯೆಂದು ಅಂಕಿಗಳ ಮೂಲಕ ಸಾಬೀತಾದದ್ದು ಹೀಗೆ. ಕ್ಷಯರೋಗಿಯ ಪೋಷಣೆಗಾಗಿ ಕೇಂದ್ರ ಸರ್ಕಾರ 2018ರಿಂದ ತಿಂಗಳಿಗೆ 500 ರೂಪಾಯಿ ನೀಡುತ್ತಿತ್ತು. 2024ರ ನವೆಂಬರ್‌ನಿಂದ ಅದು 1,000 ರೂಪಾಯಿಯಾಗಿದೆ. ದಾನಿಗಳು ಆಹಾರದ ಪೊಟ್ಟಣ ನೀಡುವ ನಿಕ್ಷಯ್ ಮಿತ್ರ ಯೋಜನೆಯನ್ನು ರೋಗಿಯ ಮನೆಯವರಿಗೂ ವಿಸ್ತರಿಸಲಾಗಿದೆ. ಆದರೆ ಇದನ್ನು ಪಡೆಯಬೇಕಾದರೆ ರೋಗಿಯ ಹೆಸರು ಮೊದಲು ದಾಖಲಾಗಬೇಕು. ಅಡಗಿಸಿಟ್ಟ ರೋಗಕ್ಕೆ ಯಾವ ಯೋಜನೆಯೂ ತಲುಪದು.

ಅಡಗಿಸುವುದಕ್ಕೆ ನಮ್ಮಲ್ಲಿರುವ ಮೊದಲ ಕಾರಣ ಮಾನ. ಚಿಕ್ಕಜಾಜೂರು ರೈಲು ಕವಲೊಡೆಯುವ ಊರು. ಇಲ್ಲಿಂದ ದುಡಿಮೆಗೆಂದು ದಾವಣಗೆರೆಗೂ ಬೆಂಗಳೂರಿಗೂ ಹೋಗುವವರಿದ್ದಾರೆ. ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ, ಗಾಳಿಯಾಡದ ಬಾಡಿಗೆ ಕೋಣೆಗಳಲ್ಲಿ ದುಡಿದು ಮಲಗಿದವನು ಕೆಮ್ಮು ಹೊತ್ತು ಊರಿಗೆ ಮರಳಿದರೆ, "ಟಿ.ಬಿ. ಎಂದು ಗೊತ್ತಾದರೆ ತಂಗಿಯ ನಿಕಾಹ್ ನಿಲ್ಲುತ್ತದೆ" ಎಂಬ ಭಯ ಮನೆಯನ್ನು ಆವರಿಸುತ್ತದೆ. ಆ ಭಯ ನಿಜವಾದದ್ದು. ಅದನ್ನು ಹಗುರವಾಗಿ ಕಾಣಬಾರದು. ಆದರೆ ಗುಣವಾಗಬಲ್ಲ ರೋಗವನ್ನು ಮುಚ್ಚಿಟ್ಟು, ಅದೇ ಕೋಣೆಯಲ್ಲಿ ಮಲಗುವ ಮಕ್ಕಳಿಗೆ ಹಂಚುವುದು ಯಾವ ಮಾನ? ರೋಗಕ್ಕೆ ಚಿಕಿತ್ಸೆ ಮಾಡಿಸಿಕೊಳ್ಳಿರಿ, ಔಷಧಿಯಿಲ್ಲದ ರೋಗವನ್ನು ಅಲ್ಲಾಹನು ಇಳಿಸಿಲ್ಲ ಎಂಬ ಅರ್ಥದ ಪ್ರವಾದಿ(ಸ)ರ ಬೋಧನೆಯನ್ನು ನಾವು ಮಕ್ಕಳಿಗೆ ಕಲಿಸುತ್ತೇವೆ. ಕಲಿಸಿದ್ದನ್ನು ನಮ್ಮ ಮನೆಯ ಕೆಮ್ಮಿಗೂ ಅನ್ವಯಿಸಬೇಕು. ತವಕ್ಕುಲ್ ಎಂದರೆ ಒಂಟೆಯನ್ನು ಕಟ್ಟಿದ ನಂತರದ ಭರವಸೆ.

ಎರಡನೆಯ ಕಾರಣ ಅಪನಂಬಿಕೆ. ಕೊಟ್ಟ ಮಾಹಿತಿ ನಾಳೆ ನಮ್ಮ ಪೌರತ್ವದ ವಿರುದ್ಧವೇ ಬಳಕೆಯಾದೀತೆಂಬ ಆತಂಕ ಕೆಲವು ವರ್ಷಗಳಿಂದ ಸಮುದಾಯವನ್ನು ಕಾಡುತ್ತಿದೆ. 2020ರ ಏಪ್ರಿಲ್‌ನಲ್ಲಿ ಕೋವಿಡ್ ಮಾಹಿತಿ ಕೇಳಲು ಹೋದ ಆಶಾ ಕಾರ್ಯಕರ್ತೆಯ ಮೇಲೆ ಬೆಂಗಳೂರಿನ ಒಂದು ಬಡಾವಣೆಯಲ್ಲಿ ಹಲ್ಲೆ ನಡೆದುದನ್ನು ನಾವು ನೋವಿನಿಂದ ನೆನೆಯಬೇಕಾಗಿದೆ. ಭಯಕ್ಕೆ ಕಾರಣಗಳಿರಬಹುದು, ಆದರೆ ಅಲ್ಪ ಗೌರವಧನಕ್ಕೆ ಬಿಸಿಲಿನಲ್ಲಿ ಅಲೆಯುವ ಸೋದರಿಯ ಮೇಲೆ ಕೈಯೆತ್ತಲು ಯಾವ ಕಾರಣವೂ ಇರಲಾರದು. ಭಯಕ್ಕೆ ಮದ್ದು ವಿಚಾರಿಸುವುದು. ಬಂದವರ ಗುರುತಿನ ಚೀಟಿ ಕೇಳಿರಿ. ಯಾವ ಸಂಸ್ಥೆ, ಯಾವ ಉದ್ದೇಶ, ಮಾಹಿತಿ ಯಾರ ಬಳಿ ಉಳಿಯುತ್ತದೆ ಎಂದು ಕೇಳಿರಿ. ವೈದ್ಯಕೀಯ ಸಂಶೋಧನೆಯಾದರೆ ನಿಮ್ಮ ಸಮ್ಮತಿ ಪಡೆಯುವುದು ಅವರ ಕರ್ತವ್ಯ. ಒಲ್ಲೆನೆಂದರೂ ನಿಮಗೆ ಸಲ್ಲಬೇಕಾದ ಚಿಕಿತ್ಸೆಯನ್ನು ಅವರು ತಪ್ಪಿಸುವಂತಿಲ್ಲ. 2025ರ ಸೆಪ್ಟೆಂಬರ್ 22ರಂದು ರಾಜ್ಯದಲ್ಲಿ ಆರಂಭವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯ ವಿಷಯದಲ್ಲಿ ಕರ್ನಾಟಕ ಹೈಕೋರ್ಟ್, ಮಾಹಿತಿ ನೀಡುವುದು ಸ್ವಇಚ್ಛೆಗೆ ಬಿಟ್ಟದ್ದು, ನೀಡಿದ ಮಾಹಿತಿಯನ್ನು ಗೌಪ್ಯವಾಗಿಡಬೇಕು ಎಂದು ಸ್ಪಷ್ಟಪಡಿಸಿತು. ಇದು ಕೇಳುವ ಹಕ್ಕನ್ನು ನಮಗೆ ಕೊಡುತ್ತದೆ. ಕೇಳಿ, ಮನಸ್ಸು ಒಪ್ಪಿದ ಮೇಲೆ ಕೊಡುವ ಉತ್ತರ ಮಾತ್ರ ಸತ್ಯವಾಗಿರಬೇಕು.

ಏಕೆಂದರೆ ಇಸ್ಲಾಮಿನಲ್ಲಿ ಇದು ಸಾಕ್ಷ್ಯದ ವಿಷಯ. ಸಾಕ್ಷ್ಯವನ್ನು ಮರೆಮಾಚುವವನ ಹೃದಯ ಪಾಪದಿಂದ ಕೂಡಿದೆಯೆಂದು ಸೂರಃ ಅಲ್ ಬಕರಃ ಎಚ್ಚರಿಸುತ್ತದೆ. ಸ್ವಂತಕ್ಕೆ, ಹೆತ್ತವರಿಗೆ, ಬಂಧುಗಳಿಗೆ ವಿರುದ್ಧವಾದರೂ ನ್ಯಾಯದ ಸಾಕ್ಷಿಗಳಾಗಿರಿ ಎಂಬುದು ಸೂರಃ ಅನ್ನಿಸಾದ ಆದೇಶ. ಎಣಿಕೆಯೂ ನಮಗೆ ಅನ್ಯವಾದುದಲ್ಲ. ಇಸ್ಲಾಮನ್ನು ಸ್ವೀಕರಿಸಿದವರ ಹೆಸರುಗಳನ್ನು ಬರೆದುಕೊಡುವಂತೆ ಪ್ರವಾದಿ(ಸ)ರು ಹೇಳಿದುದನ್ನೂ ಲೆಕ್ಕ 1,500ರಷ್ಟಾದುದನ್ನೂ ಹುದೈಫಾ(ರ) ಅವರಿಂದ ಬುಖಾರಿ ವರದಿ ಮಾಡಿದೆ.

ಖಲೀಫಾ ಉಮರ್(ರ) ಅವರ ಕಾಲದ ಒಂದು ಪ್ರಸಂಗವಂತೂ ಆಳುವವರಿಗೂ ಆಳಿಸಿಕೊಳ್ಳುವವರಿಗೂ ಪಾಠವಾಗಿದೆ. ಮೊಲೆಹಾಲು ಬಿಟ್ಟ ಮಕ್ಕಳಿಗೆ ಮಾತ್ರ ಬೈತುಲ್ ಮಾಲ್‌ನಿಂದ ಭತ್ಯೆ ಕೊಡುವ ನಿಯಮವಿತ್ತು. ಮದೀನಾದ ಹೊರಗೆ ವ್ಯಾಪಾರಿಗಳ ತಂಡವೊಂದು ಇಳಿದಿದ್ದ ರಾತ್ರಿ ಕಾವಲು ತಿರುಗುತ್ತಿದ್ದ ಖಲೀಫರಿಗೆ ಶಿಶುವಿನ ಅಳು ಮತ್ತೆ ಮತ್ತೆ ಕೇಳಿಸಿತು. ವಿಚಾರಿಸಿದಾಗ, ತನ್ನೆದುರು ನಿಂತವರು ಯಾರೆಂದು ಅರಿಯದ ಆ ತಾಯಿ ಇದ್ದುದನ್ನು ಇದ್ದಂತೆ ಹೇಳಿದಳು: ಭತ್ಯೆ ಬೇಗ ಸಿಗಲೆಂದು ಮಗುವಿಗೆ ಹಾಲು ಬಿಡಿಸುತ್ತಿದ್ದಾಳೆ. ಒಳ್ಳೆಯ ಉದ್ದೇಶದ ನಿಯಮವೇ ಮಕ್ಕಳನ್ನು ಹಸಿವಿಗೆ ದೂಡುತ್ತಿತ್ತು. ಉಮರ್(ರ) ಅತ್ತರು, ಮತ್ತು ಹುಟ್ಟಿದ ದಿನದಿಂದಲೇ ಪ್ರತಿ ಮಗುವಿಗೂ ಭತ್ಯೆ ಕೊಡುವಂತೆ ಆಜ್ಞೆ ಹೊರಡಿಸಿದರು. ನಿಯಮ ಬದಲಾಗಲು ಎರಡು ಸಂಗತಿ ಬೇಕಾದವು. ಒಬ್ಬ ತಾಯಿ ಸತ್ಯ ಹೇಳಿದಳು. ಒಬ್ಬ ಆಡಳಿತಗಾರ ಕೇಳಿಸಿಕೊಂಡ.

ಈ ಎರಡನೆಯ ಸಂಗತಿಯ ಬಗ್ಗೆ ಮೌನವಾಗಿರುವುದೂ ತಪ್ಪು. ಅಮಾನತ್ತನ್ನು ಅದರ ಹಕ್ಕುದಾರರಿಗೆ ಒಪ್ಪಿಸಿರಿ ಎಂಬ ಕುರ್‌ಆನಿನ ಆದೇಶ ಸರ್ಕಾರಕ್ಕೂ ಸಂಶೋಧಕರಿಗೂ ಸಲ್ಲುವ ಮಾತು. 2015ರಲ್ಲಿ ನಮ್ಮ ರಾಜ್ಯದ ಮನೆಮನೆಗಳಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ನಡೆಯಿತು. ಅದಕ್ಕೆ 150 ಕೋಟಿ ರೂಪಾಯಿಗೂ ಮಿಗಿಲಾದ ಸಾರ್ವಜನಿಕ ಹಣ ವೆಚ್ಚವಾಯಿತು. ಅದರ ವರದಿ ಸರ್ಕಾರದ ಕೈಸೇರಿದ್ದು 2024ರ ಫೆಬ್ರವರಿಯಲ್ಲಿ; ಸಚಿವ ಸಂಪುಟದ ಮುಂದೆ ಬಂದದ್ದು 2025ರ ಏಪ್ರಿಲ್‌ನಲ್ಲಿ. ಎರಡು ತಿಂಗಳು ಕಳೆಯುವುದರೊಳಗೆ, ಅಂಕಿಗಳು ಹಳೆಯದಾದವೆಂದು ಹೊಸ ಸಮೀಕ್ಷೆಯ ತೀರ್ಮಾನವಾಯಿತು. 2015ರಲ್ಲಿ ಶಾಲೆ ಬಿಟ್ಟ ಹುಡುಗಿಯ ವಿವರ ಬರೆಸಿದ ತಾಯಿಯ ಪಾಲಿಗೆ ಆ ಹತ್ತು ವರ್ಷ ಮರಳಿ ಬರುವುದಿಲ್ಲ. ಜನರಿಂದ ಉತ್ತರ ಪಡೆದವರು ಜನರಿಗೆ ಉತ್ತರಿಸಬೇಕು. ವರದಿಯನ್ನು ಸಕಾಲದಲ್ಲಿ, ಕನ್ನಡದಲ್ಲಿ, ಎಲ್ಲರಿಗೂ ಸಿಗುವಂತೆ ಪ್ರಕಟಿಸಬೇಕು. ಇದನ್ನು ಒತ್ತಾಯಿಸುವ ನೈತಿಕ ಬಲ ಸತ್ಯವಾಗಿ ಉತ್ತರಿಸಿದವರಿಗೆ ಮಾತ್ರ ಇರುತ್ತದೆ.

ಹಾಗಾದರೆ ನಾವು ಮಾಡಬಹುದಾದುದೇನು? ಮಸೀದಿಯ ಆಡಳಿತ ಸಮಿತಿಗಳು ಸಮೀಕ್ಷೆಯ ವಿವರವನ್ನು ಮೊದಲೇ ಅರಿತು ಜುಮಾದ ನಂತರ ಐದು ನಿಮಿಷ ತಿಳಿಸಲಿ. ಗಂಡಸರು ದುಡಿಮೆಗೆ ಹೋದ ಮನೆಗಳಲ್ಲಿ ಓದಿದ ಹೆಣ್ಣುಮಕ್ಕಳು ಅಜ್ಜಿ, ಅಮ್ಮಂದಿರ ಜೊತೆ ಕುಳಿತು ಉತ್ತರಿಸಲು ನೆರವಾಗಲಿ. ಎರಡು ವಾರ ಮೀರಿದ ಕೆಮ್ಮಿದ್ದವರನ್ನು ನೆರೆಯವರು ಗುಟ್ಟು ಕಾಪಾಡಿಕೊಂಡು ಆಸ್ಪತ್ರೆಗೆ ಕರೆದೊಯ್ಯಲಿ. ಪರೀಕ್ಷೆಯೂ ಔಷಧಿಯೂ ಅಲ್ಲಿ ಉಚಿತ. ಚಿಕಿತ್ಸೆಯಲ್ಲಿರುವ ಮನೆಗಳಿಗೆ ಜಮಾಅತ್ ತನ್ನ ಸದಕಾ ನಿಧಿಯಿಂದ ತಿಂಗಳ ಅಕ್ಕಿಬೇಳೆ ತಲುಪಿಸಲಿ. ನಿಕ್ಷಯ್ ಮಿತ್ರವಾಗಿ ನೋಂದಾಯಿಸಿಕೊಂಡರೆ ಆಸ್ಪತ್ರೆಯವರೊಂದಿಗೆ ಕೂಡಿಯೇ ಈ ಕೆಲಸ ಮಾಡಬಹುದು. ಅದು ಮುಸ್ಲಿಮರ ಮನೆಯೇ ಆಗಿರಬೇಕೆಂದಿಲ್ಲ. ನೆರೆಯವನು ಹಸಿದಿರುವಾಗ ತಾನು ಮಾತ್ರ ಉಂಡು ಮಲಗಬಾರದೆಂಬ ಬೋಧನೆಯಲ್ಲಿ ನೆರೆಯವನ ಧರ್ಮವನ್ನು ಕೇಳಿಲ್ಲ.

ತುಮಕೂರಿನ ಆ ಹಳ್ಳಿಗರಲ್ಲಿ ಯಾರೂ ತಮ್ಮ ಮಾತು ದೇಶದ ನೀತಿಯನ್ನು ಬದಲಿಸೀತೆಂದು ಎಣಿಸಿರಲಾರರು. ಅವರು ತಮ್ಮ ಕೆಮ್ಮಿನ ಕಥೆಯನ್ನು ಇದ್ದಂತೆ ಹೇಳಿದರು, ಅಷ್ಟೇ. ಅದರ ಫಲವನ್ನು ಅರವತ್ತು ವರ್ಷಗಳ ನಂತರವೂ ಅಪರಿಚಿತರು ಉಣ್ಣುತ್ತಿದ್ದಾರೆ. ನಿರಂತರ ಸದಕಾ ಎಂಬುದಕ್ಕೆ ಬಾವಿ ತೋಡಿಸುವುದನ್ನು, ಮರ ನೆಡುವುದನ್ನು ನಾವು ಉದಾಹರಿಸುತ್ತೇವೆ. ಬಾಗಿಲಿಗೆ ಬಂದವರಿಗೆ ಹೇಳಿದ ಒಂದು ಸತ್ಯವೂ ಆ ಸಾಲಿಗೆ ಸೇರಲಿ. ಸತ್ಯವನ್ನು ಹೇಳುವ ಧೈರ್ಯವನ್ನು ನಮಗೂ, ಕೇಳಿಸಿಕೊಳ್ಳುವ ಮನಸ್ಸನ್ನು ಆಳುವವರಿಗೂ ಅಲ್ಲಾಹನು ದಯಪಾಲಿಸಲಿ. ಆಮೀನ್.